ಗೂಡಿನೊಳಗಿನ ಪಿಸುದನಿ

ಮ್ಯಾಡ್ರಿಡ್
14 ನವೆಂಬರ್ 1959

ಮಹಾಜನರೇ, ಮಾಳಿಗೆಸಾಲಿನ ಮಾನ್ಯರೇ, ಪುಕ್ಕಟೆ ಪಾಸಿನ ಪುಣ್ಯಾತ್ಮರೇ, ಕರುಣರಸಕ್ಕೆ ಸರಿಯಾಗಿ ಕೆಮ್ಮುವ ಕಲಾರಸಿಕರೇ! ರಂಗನಟಿಯೂ ಚಿತ್ರತಾರೆಯೂ ಆದ ಕಸಿಲ್ದಾ ರೆವುಯೆಲ್ತಾ ಎಂಬ ನಾನು ಸತ್ಯವನ್ನೇ ಹೇಳುತ್ತೇನೆ, ಸತ್ಯವನ್ನಲ್ಲದೆ ಬೇರೇನನ್ನೂ ಹೇಳುವುದಿಲ್ಲ.

ಪ್ರಿಯ ಒನೋರಿಯೋ,

ಹೀಗೆ ಡಂಗುರ ಹೊಡೆಯದೆ ನಿನಗೆ ಬರೆಯಲು ಕೈ ಬರಲಿಲ್ಲ. ನಿನ್ನ ಕಾಗದ ಬಂದು ಎರಡು ತಿಂಗಳಾಯಿತು, ಕ್ಷಮಿಸು. ಸಮೋರಾದ ಚಳಿಗೆ ನಿನ್ನ ತಂಗಿಯ ಮಂಡಿನೋವು ಹೇಗಿದೆ?

"ನನ್ನ ದನಿ ಕೇಳಿಸೋದಿಲ್ಲ ಅಂತ ದೂರು ಹೇಳಿ ನನ್ನ ಕೆಲಸ ಕಳೆದವರು ಯಾರು?" ಎಂದು ಕೇಳಿದ್ದೀಯ. ಇಪ್ಪತ್ತೆರಡು ವರ್ಷ ರಂಗದ ಅಂಚಿನಲ್ಲಿ, ನನ್ನ ಕಾಲಬುಡದ ಮರದ ಗೂಡಿನಲ್ಲಿ ಕುಳಿತು, ನಾನು ಮರೆತ ಮಾತನ್ನು ಪಿಸುದನಿಯಲ್ಲಿ ಎತ್ತಿಕೊಟ್ಟವನು ನೀನು. ಸೋಮವಾರ ಕೈಗೆ ಬಂದ ನಾಟಕ ಶುಕ್ರವಾರ ರಂಗವೇರುವ ಕಂಪನಿಯಲ್ಲಿ ಬಾಯಿ ನಟಿಯದು, ನೆನಪು ಗೂಡಿನದು. ಹಾಗಾಗಿ ನಿನಗೋಸ್ಕರ ಪತ್ತೇದಾರಿಕೆ ನಡೆಸಿದ್ದೇನೆ.

ಮೊದಲ ಅನುಮಾನ ಮಾಲೀಕ ದೋನ್ ಗಾಸ್ಪಾರನ ಮೇಲೆ. ನಿನ್ನ ಹೆಸರೆತ್ತಿದರೆ ಸಾಕು, ಸಿಗಾರ್ ಹಚ್ಚುತ್ತಾನೆ. ಬಾಯಲ್ಲಿ ಒಂದು ಉರಿಯುತ್ತಿದ್ದರೂ ಇನ್ನೊಂದು ಹಚ್ಚುತ್ತಾನೆ.

ಎರಡನೆಯದು, ನನ್ನ ಮಗಳ ಪಾತ್ರ ಮಾಡುವ ನಿಯೆವೆಸ್. ದಿನವೂ ನನಗೆ ಕಿತ್ತಳೆ ತರುತ್ತಾಳೆ: ಕೈಯಲ್ಲಿ ಹಣ್ಣು, ನನ್ನ ಪಾತ್ರದ ಮೇಲೆ ಕಣ್ಣು. ಮೊನ್ನೆ ತಾಲೀಮಿಗೆ ಹಳದಿ ಶಾಲು ಹೊದ್ದು ಬಂದಳು. ರಂಗದ ಮೇಲೆ ಹಳದಿ! ನಟರಿಗೆ ಅದಕ್ಕಿಂತ ದೊಡ್ಡ ಅಪಶಕುನ ಉಂಟೇ?

"ಏನೇ, ಯಾರನ್ನ ಸಾಯಿಸ್ಬೇಕು ಅಂತಿದ್ದೀಯ?" ಅಂದೆ.

"ಅಯ್ಯೋ ಅಮ್ಮಾ, ಇದು ಹಳದಿ ಅಲ್ಲ, ಜೇನಿನ ಬಣ್ಣ."

"ಜೇನಂತೆ ಜೇನು! ಕುಟುಕೋದು ಯಾರನ್ನ?"

ಮೂರನೆಯವನು ನಿನ್ನ ಜಾಗಕ್ಕೆ ಬಂದ ಪ್ಲಾಸಿದೋ. ನಿಯೆವೆಸ್ ಜೊತೆ ಒಂದೇ ಲೋಟದ ಚಾಕೊಲೇಟಿಗೆ ಚುರ‍್ರೋ ಅದ್ದಿ ತಿನ್ನುವವನು. ಅವನು ಮಾತು ಎತ್ತಿಕೊಡುವುದಿಲ್ಲ, ಮೀನಿನ ಹಾಗೆ ಬರೀ ಬಾಯಿ ಆಡಿಸುತ್ತಾನೆ. ಕಳೆದ ಭಾನುವಾರ ಎರಡನೆಯ ಅಂಕದಲ್ಲಿ ನನ್ನ ಮಾತು ತಪ್ಪಿಹೋಯಿತು. ಬೀಸಣಿಗೆ ಮಡಚಿದೆ; ನಿನ್ನ ಕಾಲದಲ್ಲಿ ಆ ಸನ್ನೆಗೆ ಮಾತು ತಾನಾಗಿ ಬರುತ್ತಿತ್ತು. ಅವನು ಬಾಯಿ ಆಡಿಸಿದ. ಮತ್ತೆ ಮಡಚಿದೆ. ಮತ್ತೆ ಆಡಿಸಿದ. ಆಗ ಐದನೆಯ ಸಾಲಿನಿಂದ ಒಬ್ಬ ಹೆಂಗಸು ಎದ್ದು ಕೂಗಿದಳು:

"ಅಮ್ಮಾ, 'ಈ ಮನೆ ಮಾರಲ್ಲ' ಅನ್ನಿ! ಆ ಮನುಷ್ಯ ಎರಡು ಸಲ ಹೇಳಾಯ್ತು, ಇಲ್ಲಿ ಕೂತಿರೋ ನಮಗೇ ಕೇಳಿಸ್ತು!"

ಥಿಯೇಟರಿಗೆ ಥಿಯೇಟರೇ ನಕ್ಕಿತು. ನಾನೂ ನಕ್ಕೆ. ಇಷ್ಟು ವರ್ಷದಲ್ಲಿ ಅದಕ್ಕಿಂತ ಒಳ್ಳೆಯ ಅಭಿನಯ ಮಾಡಿದ ನೆನಪಿಲ್ಲ. ಆ ಹೆಂಗಸನ್ನು ಅಲ್ಲಿ ಕೂರಿಸಿದವಳು ನಿಯೆವೆಸ್ ಎಂದೇ ನನ್ನ ಗುಮಾನಿ.

ಆಟ ಮುಗಿದ ಮೇಲೆ ಗಾಸ್ಪಾರ್ ನನ್ನ ಕೋಣೆಗೆ ಬಂದು, "ಇನ್ನು ಸಿನಿಮಾ ಮಾಡ್ಕೊಂಡು ಆರಾಮಾಗಿರಿ" ಅಂದ. ಆರಾಮ! ಹನ್ನೊಂದು ಚಿತ್ರ ಮಾಡಿದೆ. ದನಿ ಒರಟು ಎಂದು ಹನ್ನೊಂದರಲ್ಲೂ ನನ್ನ ಮಾತನ್ನು ಬೇರೆಯವಳಿಂದ ಆಡಿಸಿದರು. ಮುಖ ನನ್ನದು, ಮಾತು ಅವಳದು. ಮುತ್ತು ನನ್ನದು, ನಿಟ್ಟುಸಿರು ಅವಳದು. ನನ್ನ ದನಿ ಬದುಕಿರುವುದು ಈ ಹಲಗೆಗಳ ಮೇಲೆ ಮಾತ್ರ. ಇಲ್ಲಿಂದ ಇಳಿಸಿದರೆ ನಾನು ಮೂಕಿ, ಒನೋರಿಯೋ. ಅದಕ್ಕೇ ಸಂಚು ನಡೆದಿದೆ. ನೀನೂ ಹುಷಾರಾಗಿರು, ಕಂಪನಿಯವರು ಯಾರೇ ಕಾಗದ ಬರೆದರೂ ನಂಬಬೇಡ.

ದೇವಮಾತೆ ನಿನ್ನನ್ನು ಬೆಚ್ಚಗಿಡಲಿ. ತಂಗಿಗೆ ನನ್ನ ಪ್ರೀತಿ.

ನಿನ್ನ
ಕಸಿಲ್ದಾ

ತಾ.ಕ.: ಗಾಸ್ಪಾರ್ ಅಲ್ಲ, ನಿಯೆವೆಸ್ ಅಲ್ಲ. ಏಪ್ರಿಲ್‌ನಲ್ಲಿ ಮಾಲೀಕನ ಕೋಣೆಗೆ ಹೋಗಿ, "ಒನೋರಿಯೋನ ಗಂಟಲು ಹೋಗಿದೆ, ಬೇರೆಯವರನ್ನ ನೋಡಿ" ಅಂದವಳು ನಾನು. ನಿನ್ನ ಗಂಟಲಿಗೆ ಏನೂ ಆಗಿಲ್ಲ. ನನಗೆ ಕಿವಿ ಕೇಳಿಸುವುದಿಲ್ಲ. ಅದು ನನಗೆ ಆವತ್ತೇ ಗೊತ್ತಿತ್ತು.