ಆಂಪ್ಲಿಫೈಯರ್ ಬೆನ್ನಿನ ವಿಭೂತಿ

ಪ್ರೀತಿಯ ಭಾವ,

ನಿಮ್ಮ ಆಂಪ್ಲಿಫೈಯರ್ ಭಾನುವಾರ ಮತ್ತೆ ಮಾತಾಡಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದದ್ದನ್ನು ನಿಧಾನವಾಗಿ ಓದಿಕೊಳ್ಳಿ. ನಿಮಗೀಗ ಅವಸರವಾದರೂ ಏನಿದೆ?

ನಮ್ಮನ್ನೆಲ್ಲ ಹಾಲಿನ ನಡುವೆ ಕೂರಿಸಿ, ಎಡಗಡೆಯ ಸ್ಪೀಕರಿನಿಂದ ಬಲಗಡೆಗೆ ರೈಲು ಹಾದುಹೋಗುವುದನ್ನು ಕೇಳಿಸುತ್ತಿದ್ದಿರಲ್ಲ, ಆ ರೈಲು ನಿಮ್ಮ ಜೊತೆಗೇ ನಿಂತುಹೋಗಿತ್ತು. ನೀವು ಹೋದಮೇಲೆ ಯಾರೂ ಆಂಪ್ಲಿಫೈಯರ್ ಮುಟ್ಟಿರಲಿಲ್ಲ. ಮೊನ್ನೆ ಭಾನುವಾರ ನಿಮ್ಮ ಮಗಳು ಸೌಮ್ಯ, ಅಕ್ಕ ಇರುವ ವಿಜಯನಗರದ ಮನೆಗೆ ಹೊಸ ಟೀವಿ ತಂದಳು. ತೆಳ್ಳನೆಯ ಟೀವಿ, ಅದರ ದನಿಯೂ ಅಷ್ಟೇ ತೆಳು. "ಮಾಮ, ಆ ಹಳೇ ಡಬ್ಬ ಎಕ್ಸ್‌ಚೇಂಜಿಗೆ ಹಾಕಿ ಸೌಂಡ್‌ಬಾರ್ ತರ್ತೀನಿ. ಇವತ್ತು ನೀವು ಅದರಲ್ಲಿ ಸೌಂಡ್ ಬರಿಸಿದ್ರೆ ಇರ್ಲಿ, ಇಲ್ಲಾಂದ್ರೆ ನಾಳೆ ತಗೊಂಡು ಹೋಗ್ತೀನಿ" ಅಂದಳು. ಅಕ್ಕ ಅಡುಗೆಮನೆಯಲ್ಲಿ ತೊಳೆದ ಬೇಳೆಯನ್ನೇ ಮತ್ತೆ ಮತ್ತೆ ತೊಳೆದಳು.

ಚಿತ್ರಕ್ಕೊಂದು ದಾರಿ, ಶಬ್ದಕ್ಕೊಂದು ದಾರಿ ಎಂದು ನೀವು ಹೇಳಿಕೊಟ್ಟದ್ದು ನೆನಪಿತ್ತು. ಸೆಟ್‌ಟಾಪ್ ಬಾಕ್ಸಿನಿಂದ ಒಂದು ಕೇಬಲ್ ಟೀವಿಗೆ ಕೊಟ್ಟೆ, ಚಿತ್ರ ಬಂತು. ಶಬ್ದದ ಕೆಂಪು-ಬಿಳಿ ಜೋಡಿ ಹಿಡಿದು ಆಂಪ್ಲಿಫೈಯರ್ ಹಿಂದೆ ಮಂಡಿಯೂರಿದೆ. ಸಾಲು ಸಾಲು ತೂತು. ಶಬ್ದ ಒಳಗೆ ಹೋಗುವುದು ಯಾವುದರಲ್ಲಿ, ಹೊರಗೆ ಬರುವುದು ಯಾವುದರಲ್ಲಿ? ಅದನ್ನು ತಿಳಿಸುವ ಅಕ್ಷರಗಳ ಮೇಲೆ ಉದ್ದಕ್ಕೂ ನಿಮ್ಮ ಮೂರು ಬೆರಳಿನ ವಿಭೂತಿ.

ಆಯುಧಪೂಜೆಯ ದಿನ ಅದನ್ನು ತಿರುಗಿಸಿ ಬೆನ್ನಿಗೇ ಹಚ್ಚುತ್ತಿದ್ದಿರಿ. ಯಾಕೆ ಎಂದಿದ್ದಕ್ಕೆ, "ಮುಂದೆ ಇರೋದು ಬರೀ ಮುಖ ಕಣೋ, ದುಡಿಯೋದು ಬೆನ್ನು" ಅಂದಿದ್ದಿರಿ. ಆಗ ನಕ್ಕಿದ್ದೆ. ಈಗ ಆ ವರ್ಷಗಳೆಲ್ಲ ಒಂದರ ಮೇಲೊಂದು ಒಣಗಿ, ಅಕ್ಷರವೊಂದೂ ಕಾಣದೆ...

ಒದ್ದೆ ಬಟ್ಟೆ ಕೇಳಿದೆ. ಅಕ್ಕ ತಂದಳು, ಆದರೆ ಕೈಗೆ ಕೊಡಲಿಲ್ಲ.

"ಒರೆಸ್ಬೇಡ್ವೋ. ಅವರು ಹಚ್ಚಿದ್ದು."

"ಓದಕ್ಕಾಗ್ತಿಲ್ಲ ಅಕ್ಕ."

"ಓದದೆ ಮಾಡು."

ಓದದೆ ಮಾಡುವುದು. ಎಲ್ಲವನ್ನೂ ಓದಿಯೇ ಮಾಡುವ ನನ್ನಂಥವನಿಗೆ ಅದೊಂದನ್ನು ಯಾರೂ ಕಲಿಸಿರಲಿಲ್ಲ, ಅಲ್ಲವೇ?

ನಾನು ಹಿಂದಿನಿಂದ ಒಂದೊಂದೇ ಜೋಡಿ ತೂತಿಗೆ ಪಿನ್ನು ಚುಚ್ಚುವುದು, ಅಕ್ಕ ಮುಂದೆ ನಿಂತು ಗುಂಡಿ ತಿರುಗಿಸುವುದು. "ಈಗ?" "ಇಲ್ಲ." "ಈಗ?" "ಇಲ್ಲ ಕಣೋ." ಸೋಫಾದಲ್ಲಿ ಕೂತು ನಗುತ್ತಿದ್ದ ಸೌಮ್ಯಳೂ ಮುಂದಕ್ಕೆ ಬಾಗಿ ಕೂತಳು. ಉಳಿದಿದ್ದ ಜೋಡಿಗಳು ಮುಗಿಯುತ್ತ ಬಂದಿದ್ದವು. ಅಷ್ಟರಲ್ಲಿ ಧಾರಾವಾಹಿಯ ಅತ್ತೆಯೊಬ್ಬಳು ಹಾಲಿನ ತುಂಬ ಗುಡುಗಿದಳು.

"ಎಡಗಡೆ ಮಾತ್ರ ಬೈತಿದಾಳೆ" ಅಂದಳು ಅಕ್ಕ. "ಬಲಗಡೇನೂ ಬೈಯೋ ಹಾಗೆ ಮಾಡು."

ಸಡಿಲವಾಗಿದ್ದ ಕೆಂಪು ಪಿನ್ನನ್ನು ಒತ್ತಿದೆ. ಎರಡೂ ಕಡೆ ಬೈದಳು. ಅಷ್ಟು ಚೆಂದದ ಬೈಗುಳವನ್ನು ನಾನು ಕೇಳಿದ್ದೇ ಇಲ್ಲ. ಅಕ್ಕ ಒದ್ದೆ ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹರವಿ ಬಂದಳು.

ಮರುದಿನ ಬೆಳಗ್ಗೆ ಸೌಮ್ಯ ಬರಿಗೈಯಲ್ಲಿ ಹೋದಳು. ಹೋಗುವಾಗ, "ಅಪ್ಪ ಗೆದ್ರು ಬಿಡಿ ಮಾಮ" ಅಂದಳು. ಇನ್ನೊಂದು ಸುದ್ದಿ, ನೀವು ನಂಬಲಾರಿರಿ. ನೀವೆಷ್ಟು ಕರೆದರೂ ಅಡುಗೆಮನೆ ಬಿಟ್ಟು ಬಾರದಿದ್ದ ನಿಮ್ಮ ಹೆಂಡತಿ ಈಗ ತಟ್ಟೆ ಹಿಡಿದು ಹಾಲಿಗೇ ಬಂದು ಊಟ ಮಾಡುತ್ತಾಳೆ. ಆ ಅತ್ತೆ ಒಂದು ಮಾತಾಡಿದರೆ ಇವಳು ಎರಡು ಮಾತಾಡುತ್ತಾಳೆ.

ನಿಮ್ಮ ಭಾಮೈದ