ಪಾಠದೊಳಗಿನ ಕಾಕಾನನ್ನು ತೆಗೆಯಬೇಡ

ಗಾಳಿಕಣಜ, ಕಪ್ಪತಗುಡ್ಡದ ಬುಡ
೩೦ ಫೆಬ್ರವರಿ ೨೧೭೧

ಸುಮಂಗಲಾ,

ತಾರೀಖು ನೋಡಿ ನಗಬೇಡ. ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ನಲವತ್ತು ವರ್ಷವಾಯಿತು. ನನ್ನ ಕೆಲವು ಮಾತು ವಿಚಿತ್ರ ಅನ್ನಿಸಿದರೆ ಕ್ಷಮೆ ಇರಲಿ. ವಾವೆಯಲ್ಲಿ ನೀನು ನನ್ನ ಮುತ್ತಜ್ಜಿಯ ತಾಯಿ. ಆದರೆ ಈ ಪತ್ರ ಸುಮಾರು ನೂರೈವತ್ತು ವರ್ಷ ಹಿಂದಕ್ಕೆ, ನಿನ್ನ ಕಾಲಕ್ಕೆ ಬರುತ್ತಿದೆ. ಅಲ್ಲಿ ನಿನಗೀಗ ಇಪ್ಪತ್ತೊಂಬತ್ತು, ಇಲ್ಲಿ ನನಗೆ ಎಪ್ಪತ್ತನಾಲ್ಕು. ಏಕವಚನದಲ್ಲೇ ಬರೆಯುತ್ತೇನೆ, ಅದಕ್ಕೆ ಕ್ಷಮೆ ಕೇಳುವುದಿಲ್ಲ.

ಹೊಸ ಮ್ಯಾನೇಜರ್‌ಗಳಿಗೆ ಆನ್‌ಲೈನ್ ಕೋರ್ಸ್ ಕಟ್ಟಲು ಕುಳಿತಿದ್ದೀ. ಮೊದಲ ಪಾಠವಷ್ಟೇ ಸಿದ್ಧವಾಗಿದೆ. ಅದರಲ್ಲಿ ಹೊಸ ಮ್ಯಾನೇಜರ್ ಒಬ್ಬಳ ಸ್ವಂತ ಕಾಕಾ, ಅಂದರೆ ಅಪ್ಪನ ತಮ್ಮ, ಅವಳ ಕೈಕೆಳಗೆ ಕೆಲಸಕ್ಕಿದ್ದಾನೆ. ಕೆಲಸ ಅರ್ಧಕ್ಕೆ ಬಿಟ್ಟು ಹೋಗುತ್ತಾನೆ. ಈಗೇನು ಮಾಡುತ್ತೀ ಎಂದು ಪರದೆ ಕೇಳುತ್ತದೆ. ಇದೆಲ್ಲ ಬೇಡ, ನಿಯಮಗಳನ್ನು ಎಂಬತ್ತು ಸ್ಲೈಡಿನಲ್ಲಿ ಹಾಕು ಎಂದು ನಾಳೆಯ ಸಭೆಯಲ್ಲಿ ನಿನ್ನ ಮೇಲಿನವರು ಹೇಳಲಿದ್ದಾರೆ. ನಿನ್ನ ಟಿಪ್ಪಣಿ ಪುಸ್ತಕ ನನ್ನ ಹತ್ತಿರವಿದೆ. ಅದರಲ್ಲಿ ನಿನ್ನ ಇವತ್ತಿನ ಪುಟದಲ್ಲಿ 'ಕಾಕಾನನ್ನು ತೆಗೆದುಬಿಡಲೇ?' ಎಂದು ಬರೆದಿದ್ದೀ. ಅದಕ್ಕೇ ಈ ಪತ್ರ.

ನಮ್ಮ ಊರಿನವರೆಲ್ಲ ದುಡಿಯುವುದು ಗಾಳಿಕಣಜದಲ್ಲಿ. ಗುಡ್ಡದ ಗಾಳಿಯಿಂದ ಬಂದ ಕರೆಂಟನ್ನು ಗಾಳಿಯಿಲ್ಲದ ದಿನಕ್ಕೆ ಕೂಡಿಡುವ ಜಾಗ ಅದು. ಮುಂಜಾನೆ ರೊಟ್ಟಿ ಕಟ್ಟಿಕೊಂಡು ಹಗ್ಗದ ತೊಟ್ಟಿಲಲ್ಲಿ ಕುಳಿತು, ಹಗ್ಗವನ್ನು ತಾವೇ ಎಳೆದುಕೊಳ್ಳುತ್ತ ಗಾಳಿಯಂತ್ರದ ಗೋಪುರ ಏರುತ್ತಾರೆ. ತಂಡಕ್ಕೊಬ್ಬ ಹೊಣೆಗಾರ, ಅಂದರೆ ನಿಮ್ಮ ಮ್ಯಾನೇಜರ್. ತಂಡದಲ್ಲಿ ಅರ್ಧ ಜನ ನೆಂಟರೇ ಇರುತ್ತಾರೆ. ನೀವು ಇಂಟರಾಕ್ಟಿವ್ ಎನ್ನುವುದನ್ನು ನಾವು 'ಎದುರಾಡುವ ಪಾಠ' ಎನ್ನುತ್ತೇವೆ. ಅದನ್ನು ಮುಗಿಸದೆ ಯಾರೂ ಹೊಣೆಗಾರರಾಗುವಂತಿಲ್ಲ. ಮೊದಲ ಪಾಠ ಇಂದಿಗೂ ನಿನ್ನದೇ.

ಹೋದ ವರ್ಷ ನನ್ನ ಮೊಮ್ಮಗಳು ಹಂಸವ್ವ ಅದಕ್ಕೆ ಕುಳಿತಳು. ಮೂರು ಸಲವೂ 'ಉಳಿದದ್ದನ್ನು ನಾನೇ ಮಾಡುತ್ತೇನೆ' ಎಂದೇ ಒತ್ತಿದಳು. ಪರದೆ ಬೈಯಲಿಲ್ಲ. ಅವಳೊಬ್ಬಳೇ ಬೆವರು ಸುರಿಸುತ್ತಿರುವುದನ್ನೂ, ಉಳಿದ ಎಂಟು ಜನ ಅವಳ ಮಾತಿಗಾಗಿ ಕಾಯುತ್ತ ಕುಳಿತಿರುವುದನ್ನೂ ತೋರಿಸಿತು.

"ನಾಕು ಮಂದಿ ಮುಂದ ಬೈದರ ತಾನ ಮಾಡ್ತಾನ," ಎಂದೆ ನಾನು.

"ಹಂಗಾರ ನೀನ ಕುಂತು ಮಾಡಬೇ ಯಮ್ಮಾ, ನೋಡೂಣು!" ಎಂದಳು.

ಕುಳಿತೆ. ಎಲ್ಲರೆದುರು ಬೈದೆ. ಪರದೆಯ ಕಾಕಾ ನಟ್ಟು ಬಿಗಿಯುವ ಪಾನಾ ಕೆಳಗಿಟ್ಟು ಎದ್ದುಹೋದ, ಮರುದಿನ ಬರಲೇ ಇಲ್ಲ. ಮೂವತ್ತು ಜನರ ಮನೆಯನ್ನು ಒಂದೇ ಕೂಗಿನಲ್ಲಿ ನಡೆಸಿದವಳು ನಾನು. ನಾಲ್ಕು ಸಲ ಸೋತೆ. ಐದನೆಯ ಸಲಕ್ಕೆ ಅವನನ್ನು ಬದಿಗೆ ಕರೆದು, ಏನಾಯಿತು ಎಂದು ಕೇಳಿದೆ. ಪಾಠ ಮುಂದೆ ಹೋಯಿತು. ಇದನ್ನು ಕಟ್ಟಿದವಳು ನನ್ನ ರಕ್ತದವಳು ಎಂದು ಅವತ್ತು ಎದೆಯುಬ್ಬಿತು.

ಆಮೇಲೆ ಹಂಸವ್ವನೂ ಪಾಠ ಮುಗಿಸಿದಳು. ಅವಳು ಹೊಣೆಗಾರಳಾದ ತಂಡದಲ್ಲಿ ನನ್ನ ಕಿರಿಮಗ ದುರಗಪ್ಪನಿದ್ದ, ಅವಳ ಸ್ವಂತ ಕಾಕಾ. ಎರಡನೆಯ ವಾರ ಅವನೂ ಕೆಲಸ ಅರ್ಧಕ್ಕೆ ಬಿಟ್ಟು ಗೋಪುರದಿಂದ ಇಳಿದ. ಅವಳು ತಾನು ಮೇಲೆ ಹತ್ತಲಿಲ್ಲ, ಕೂಗಾಡಲೂ ಇಲ್ಲ. ನೀರಿನ ತೊಟ್ಟಿಯ ಹಿಂದೆ ಕರೆದೊಯ್ದು, "ಯಾಕ ಕಾಕಾ, ಏನಾತು?" ಎಂದಳು.

"ಬಲಗೈ ಮರಗಟ್ಟತೈತಿ, ಹಂಸಿ. ಆರು ತಿಂಗಳಾತು. ನಿಮ್ಮಜ್ಜಿಗಿ ಹೇಳಬ್ಯಾಡ."

ಹೆತ್ತವಳಿಗೆ ಹೇಳದ್ದನ್ನು ಅವಳಿಗೆ ಹೇಳಿದ. ಆ ಕೈಯಲ್ಲಿ ಅವನು ದಿನಾ ಇನ್ನೂರು ಅಡಿ ಏರುತ್ತಿದ್ದ. ಈಗ ಕೆಳಗೇ ಇದ್ದು ಹೊಸಬರಿಗೆ ಕೆಲಸ ಕಲಿಸುತ್ತಾನೆ. ನನಗೂ ಅವಳೇ ಹೇಳಿದಳು, ಅವನ ಒಪ್ಪಿಗೆ ಪಡೆದು.

ಆದ್ದರಿಂದ ನಾಳೆ ಸ್ಲೈಡುಗಳಿಗೆ ಒಪ್ಪಬೇಡ. ಹೊಸದಾಗಿ ಮ್ಯಾನೇಜರ್ ಆದ ಇಬ್ಬರನ್ನು ಸಭೆಗೇ ಕರೆದುಕೊಂಡು ಹೋಗು. ಮೇಲಿನವರ ಕಣ್ಣೆದುರೇ ಆ ಪಾಠಕ್ಕೆ ಕೂರಿಸು. ಆ ಇಬ್ಬರು ತಡವರಿಸಿದರೆ ಉತ್ತರ ಹೇಳಿಕೊಡಬೇಡ, ಬಾಯಿ ಬಿಗಿಹಿಡಿದು ನಿಲ್ಲು. ತಪ್ಪು ಆ ಪರದೆಯಲ್ಲೇ ಆಗಲಿ. ಅಲ್ಲಿ ಯಾರೂ ಮೇಲಿನಿಂದ ಬೀಳುವುದಿಲ್ಲ.

ಫಕೀರವ್ವ ಕವಲೂರ