ಅಮ್ಮನ ವ್ಯಾಪಾರಿ ವೀಸಾ

ಭಾನುವಾರ, ಮಧ್ಯಾಹ್ನ
ವರ್ಕ್‌ಶಾಪಿನ ಮಹಡಿ ಕೋಣೆಯಿಂದ

ಮುಂಗೋಪದ ನನ್ನ ಮುದ್ದು ಮಗಳಿಗೆ,

ಅಮ್ಮನ ಆಶೀರ್ವಾದಗಳು. ಅಳಿಯಂದಿರನ್ನು ಕೇಳಿದೆ ಎಂದು ಹೇಳು. ಪಾಪುವಿನ ಕೆನ್ನೆಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಮಲಗಿದ್ದರೆ ಬೇಡ, ಎಬ್ಬಿಸಿದರೆ ಆಮೇಲೆ ನಿನಗೇ ಕಷ್ಟ.

ದಿನಾ ಫೋನಿನಲ್ಲಿ ಮಾತಾಡುವವಳು ಇದೇನು ಕಾಗದ ಬರೆದಿದ್ದಾಳೆ ಎಂದು ಹುಬ್ಬು ಗಂಟಿಕ್ಕಬೇಡ. ಫೋನಿನಲ್ಲಿ ನೀನು ನನಗೆ ಮಾತು ಮುಗಿಸಲು ಬಿಡುವುದಿಲ್ಲ. ಕಾಗದದ ಮಧ್ಯೆ ಬಾಯಿ ಹಾಕಲು ನಿನ್ನಿಂದಲೂ ಆಗುವುದಿಲ್ಲ. ಕುಳಿತುಕೊಂಡು ಓದು.

ಹಿಂದಿನ ವಾರ ಗುರುವಾರ ನಾನು ನಿನಗೆ ಹೇಳಿದಂತೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿರಲಿಲ್ಲ. ನಮ್ಮ ಬ್ರಷ್ಷು ಕೊಳ್ಳುವ ದೇಶದ ಕಾನ್ಸುಲೇಟಿಗೆ ಹೋಗಿದ್ದೆ. ವ್ಯಾಪಾರಿ ವೀಸಾಕ್ಕೆ ಅರ್ಜಿ ಹಾಕಿದ್ದೆ, ಅದರ ಸಂದರ್ಶನವಿತ್ತು. ಆ ದೇಶದ ಜೊತೆ ವ್ಯಾಪಾರ ಇಟ್ಟುಕೊಂಡವರು ಅಲ್ಲೇ ಇದ್ದು ಅದನ್ನು ನೋಡಿಕೊಳ್ಳಲಿ ಎಂದು ಕೊಡುವ ವೀಸಾ ಅದು. ಎರಡು ವರ್ಷ ಇರಬಹುದು. ವ್ಯಾಪಾರ ಮುಗಿದರೆ ಮರಳಿ ಬರಬೇಕು. ಈ ವಯಸ್ಸಿನಲ್ಲಿ ಅಮ್ಮನಿಗೆ ತಲೆ ಕೆಟ್ಟಿದೆಯಾ ಎಂದು ನೀನು ಕೇಳುವ ಮೊದಲೇ ಹೇಳುತ್ತೇನೆ, ಕೆಟ್ಟಿಲ್ಲ.

ನಾವು ಮಾಡುವ ಉಜ್ಜುವ ಬ್ರಷ್ಷುಗಳಲ್ಲಿ ಮುಕ್ಕಾಲು ಪಾಲು ಆ ದೇಶಕ್ಕೇ ಹೋಗುತ್ತವೆ ಎಂಬುದು ನಿನಗೆ ಗೊತ್ತು. ಕಳೆದ ವರ್ಷದಿಂದ ಅಲ್ಲಿಯ ಅಂಗಡಿಯಾಕೆ ಒಂದೇ ರಾಗ ಹಾಡುತ್ತಿದ್ದಾಳೆ. ನಾರು ಚೆನ್ನಾಗಿದೆ, ಮರ ಚೆನ್ನಾಗಿದೆ, ಹಿಡಿ ಮಾತ್ರ ಕೈಗೆ ಕೂರುವುದಿಲ್ಲ. ಅವಳು ಬರೆದು ಕಳಿಸಿದ ಅಳತೆಯಂತೆ ಹಿಡಿಯನ್ನು ದಪ್ಪ ಮಾಡಿ ಕಳಿಸಿದೆ, ಆಗಲಿಲ್ಲ. ಉದ್ದ ಮಾಡಿದೆ, ಅದೂ ಆಗಲಿಲ್ಲ. ಆ ಮಾಲೆಲ್ಲ ಅವಳ ಗೋದಾಮಿನಲ್ಲಿ ಧೂಳು ತಿನ್ನುತ್ತಿದೆ. ಈ ಸಲವೂ ಹೀಗೇ ಆದರೆ ಅವಳು ಬೇರೆಯವರನ್ನು ನೋಡಿಕೊಳ್ಳುತ್ತಾಳೆ, ನಾನು ವರ್ಕ್‌ಶಾಪಿಗೆ ಬೀಗ ಹಾಕಬೇಕಾಗುತ್ತದೆ. ನಿನ್ನ ಅಪ್ಪ ಹೋದ ಮೇಲೆ ನಾನು ಹಾಸಿಗೆ ಹಿಡಿಯದೆ ಉಳಿದದ್ದು ಈ ವರ್ಕ್‌ಶಾಪಿನಿಂದ ಕಣೇ. ಅದಕ್ಕೇ ಅವಳ ಗೋದಾಮಿನಲ್ಲಿ ಪಾಲು ತೆಗೆದುಕೊಂಡು, ಅಲ್ಲೇ ಒಂದು ಸಣ್ಣ ಮರಗೆಲಸದ ಮೇಜು ಹಾಕಿಕೊಳ್ಳುತ್ತೇನೆ. ಇಲ್ಲಿಯದನ್ನು ನಿನ್ನ ‘ಪೊರಕೆ ಅತ್ತೆ’ ನೋಡಿಕೊಳ್ಳುತ್ತಾಳೆ. ನಾರು ಕಟ್ಟುವ ಹಿರಿಯಾಕೆಗೆ ಚಿಕ್ಕಂದಿನಲ್ಲಿ ನೀನೇ ಇಟ್ಟ ಹೆಸರದು, ಅವಳು ಇನ್ನೂ ಅದನ್ನು ಎಲ್ಲರಿಗೂ ಹೇಳಿಕೊಂಡು ನಗುತ್ತಾಳೆ.

ವೀಸಾ ಏಜೆಂಟ್ ಬುದ್ಧಿವಂತ. ವ್ಯಾಪಾರದ ಕಾಗದಗಳೆಲ್ಲ ಸರಿಯಿವೆ, ಆದರೆ ನೀವು ವಾಪಸ್ ಬರುತ್ತೀರಿ ಎಂದು ಅವರಿಗೆ ನಂಬಿಕೆ ಬರಬೇಕು ಎಂದು ಅವನು ನನ್ನ ಫೈಲಿನಲ್ಲಿ ಪಾಪುವಿನ ಫೋಟೊ ಹಾಕಿಸಿದ. ಮಾತನ್ನೂ ಹೇಳಿಕೊಟ್ಟ. "ಮೊಮ್ಮಗು ಬಿಟ್ಟು ಇರೋಕಾಗಲ್ಲ ಅನ್ನಿ ಮೇಡಂ. ಕಣ್ಣಲ್ಲಿ ಸ್ವಲ್ಪ ನೀರು ಬಂದ್ರೆ ಇನ್ನೂ ಒಳ್ಳೇದು." ನಾನು ಬಸ್ಸಿನಲ್ಲಿ ಕುಳಿತು ಅದನ್ನೇ ಬಾಯಿಪಾಠ ಮಾಡಿದೆ. ನಿನ್ನನ್ನು ಕೇಳದೆ ಪಾಪುವಿನ ಫೋಟೊ ಕೊಟ್ಟದ್ದು ತಪ್ಪು, ಒಪ್ಪಿಕೊಳ್ಳುತ್ತೇನೆ.

ಕಾನ್ಸುಲೇಟಿನಲ್ಲಿ ಕೂರಲು ಪ್ಲಾಸ್ಟಿಕ್ ಕುರ್ಚಿಗಳು, ಎದುರಿಗೆ ಗಾಜಿನ ಕಿಟಕಿಗಳು, ಕಾಗದ ತೂರಿಸಲು ಕೆಳಗೊಂದು ಸಂದಿ. ನನ್ನ ಕಿಟಕಿಯಲ್ಲಿ ಆ ದೇಶದವನೇ ಆದ ಅಧಿಕಾರಿ, ಪಕ್ಕದಲ್ಲಿ ನಮ್ಮ ಭಾಷೆ ಬಲ್ಲ ಒಬ್ಬ ಹುಡುಗಿ. ಫೈಲು ತಿರುವಿ ಹಾಕಿ ಅವನು ಕೇಳಿದ್ದು ಒಂದೇ. ಇದಕ್ಕೆ ನೀವೇ ಯಾಕೆ ಹೋಗಬೇಕು, ಅಳತೆ ಕಳಿಸಿ ಅಂದರೆ ಅವರೇ ಕಳಿಸುತ್ತಾರಲ್ಲ?

ಅಳತೆ ಕಳಿಸಿದ್ದಾರೆ, ಅದರಿಂದಲೇ ಕೆಟ್ಟದ್ದು ಎಂದೆ. ಅವನಿಗೆ ಅರ್ಥವಾಗಲಿಲ್ಲ. ಆಗ ನನಗೆ ಏನು ತೋಚಿತೋ, ನಿಮ್ಮ ಕೈಯನ್ನು ಗಾಜಿನ ಮೇಲಿಡಿ ಎಂದು ಹೇಳಿಬಿಟ್ಟೆ. ಆ ಹುಡುಗಿ ಅದನ್ನು ಹೇಳಲೋ ಬೇಡವೋ ಎಂದು ನನ್ನ ಮುಖ ನೋಡಿದಳು. ಕೊನೆಗೆ ಹೇಳಿದಳು. ಅವನೂ ಇಟ್ಟ. ಈಚೆಯಿಂದ ನಾನು ನನ್ನ ಕೈಯನ್ನು ಅದರ ಮೇಲೆ ಇಟ್ಟೆ. ನನ್ನ ಬೆರಳುಗಳು ಅವನ ಬೆರಳಿನ ಮೇಲಿನ ಗೆಣ್ಣಿಗೆ ನಿಂತವು. ಇದು ಒಂದು ಕೈ, ಹಿಡಿ ಮಾಡಬೇಕಾದರೆ ಇಂಥ ನೂರು ಕೈ ಬ್ರಷ್ಷು ಹಿಡಿದು ಉಜ್ಜುವುದನ್ನು ನಾನು ನೋಡಬೇಕು, ಇಷ್ಟು ವರ್ಷ ನನ್ನ ಕೈಗೆ ಆಗುವ ಬ್ರಷ್ಷನ್ನೇ ನಿಮಗೆ ಮಾರಿದ್ದೇನೆ ಎಂದೆ. ಅವನು ಜೋರಾಗಿ ನಕ್ಕ. ಪಕ್ಕದ ಕಿಟಕಿಯವರೆಲ್ಲ ತಿರುಗಿ ನೋಡಿದರು.

ನಗುತ್ತಲೇ ಅವನು ಪಾಪುವಿನ ಫೋಟೊ ಎತ್ತಿಕೊಂಡ. ವಾಪಸ್ ಬರುತ್ತೀರಾ ಎಂದು ಕೇಳುತ್ತಾನೆ, ಬಾಯಿಪಾಠ ಒಪ್ಪಿಸೋಣ ಎಂದು ನಾನು ಸಿದ್ಧಳಾದೆ. ಅವನು ಬೇರೆಯೇ ಕೇಳಿದ. ನೀವು ಹೋದರೆ ಈ ಮಗುವನ್ನು ನೋಡಿಕೊಳ್ಳುವವರು ಯಾರು?

"ಅದರ ಅಪ್ಪ ಅಮ್ಮ" ಎಂದೆ.

ಬಾಯಿಂದ ಬಂದೇಬಿಟ್ಟಿತು. ಹೇಳಿದ ಮೇಲೆ ಗೊತ್ತಾಯಿತು, ಅದು ನಿನಗೆ ಕೊಡಬೇಕಾಗಿದ್ದ ಉತ್ತರ. ಮುಂದಿನ ತಿಂಗಳು ನಿನ್ನ ರಜೆ ಮುಗಿಯುತ್ತದೆ. ನನಗೆಂದು ಹಿಂದಿನ ಕೋಣೆ ಖಾಲಿ ಮಾಡಿಸಿದ್ದೀಯ, ಪರದೆ ಹಾಕಿಸಿದ್ದೀಯ. "ಸಾಕಮ್ಮ ನಿನ್ನ ಬ್ರಷ್ಷು, ಇನ್ನಾದ್ರೂ ನಮ್ಮ ಜೊತೆ ಆರಾಮಾಗಿರು" ಎಂದು ಹೇಳಿದಾಗ ನಾನು ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ನಿನಗೆ ಹೇಳಲು ಬಾರದ್ದನ್ನು ಗುರುತು ಪರಿಚಯವಿಲ್ಲದವನಿಗೆ ಹೇಳಿ ಬಂದೆನಲ್ಲ ಎಂದು ಹಿಂಸೆಯಾಗುತ್ತಿದೆ. ಈಗ ನಿನಗೇ ಹೇಳುತ್ತೇನೆ. ನಾನು ಬರುವುದಿಲ್ಲ ಕಂದಾ. ಪಾಪುವಿನ ಮೇಲೆ ನನಗೆ ಪ್ರಾಣ. ಅವಳನ್ನು ನೋಡಲು ಓಡೋಡಿ ಬರುತ್ತೇನೆ. ನೋಡಿಕೊಳ್ಳಲು ಬಂದರೆ ಮಾತ್ರ ನನ್ನ ಕೆಲಸ ಅಲ್ಲಿಗೆ ಮುಗಿಯಿತು. ಮುದುಕಿಯಾಗಲು ನನಗಿನ್ನೂ ಪುರುಸೊತ್ತಿಲ್ಲ.

ಅಳಿಯಂದಿರು ಪಾಪುವನ್ನು ಎತ್ತಿಕೊಳ್ಳುವುದನ್ನು ನಾನು ನೋಡಿದ್ದೇನೆ. ಚೆನ್ನಾಗಿಯೇ ಎತ್ತಿಕೊಳ್ಳುತ್ತಾರೆ. ನಾನು ಬಂದು ಕೂತರೆ ಅವರಿಗೆ ಮರೆತುಹೋಗುತ್ತದೆ. ಹಗಲು ಹೊತ್ತಿಗೆ ನಿಮ್ಮ ಆಫೀಸಿನ ಹತ್ತಿರದ ಶಿಶುಪಾಲನಾ ಕೇಂದ್ರವನ್ನು ಇಬ್ಬರೂ ಹೋಗಿ ನೋಡಿ. ನನಗೆ ಭಯವಿಲ್ಲ ಎಂದುಕೊಳ್ಳಬೇಡ. ಅಲ್ಲಿಯ ಭಾಷೆ ಬಾರದು, ಅಲ್ಲಿಯ ಚಳಿ ಹೇಗೋ ಏನೋ. ಆದರೂ ಆ ಕಟ್ಟಡದ ಮೆಟ್ಟಿಲಿಳಿಯುವಾಗ ಮೈ ಹಗುರಾಗಿತ್ತು. ಎಷ್ಟೋ ವರ್ಷದ ಮೇಲೆ ಹಾಗನ್ನಿಸಿತು.

ಮೊನ್ನೆ ಬುಧವಾರ ಪಾಸ್‌ಪೋರ್ಟ್ ಬಂತು. ವೀಸಾ ಅಂಟಿಸಿ ಕಳಿಸಿದ್ದಾರೆ. ಟಿಕೆಟ್ ಕೂಡ ತೆಗೆಸಿಯಾಗಿದೆ, ಬರುವ ತಿಂಗಳ ಮೊದಲ ವಾರಕ್ಕೆ. ಇನ್ನು ಬದಲಾಯಿಸಲು ಬರುವುದಿಲ್ಲ. ಬೇಜಾರು ಮಾಡಿಕೊಂಡರೂ ಊಟ ಬಿಡಬೇಡ, ಹಾಲೂಡಿಸುವವಳು ನೀನು.

ಎಂದೆಂದೂ ನಿನ್ನವಳೇ ಆದ
ಅಮ್ಮ

ತಾ.ಕ.: ಟಿಕೆಟ್ ತೆಗೆಸಿದ್ದೇನೆ ಎಂದು ಮೇಲೆ ಬರೆದದ್ದು ಸುಳ್ಳು. ತೆಗೆಸಿಲ್ಲ ಎಂದರೆ ನೀನು ಫೋನ್ ಮಾಡಿ, ದನಿ ತಗ್ಗಿಸಿ, ಇನ್ನೊಂದು ಸಲ ಯೋಚನೆ ಮಾಡಮ್ಮ ಅನ್ನುತ್ತೀಯ, ನಾನು ಕರಗಿಹೋಗುತ್ತೇನೆ. ತೆಗೆಸಿದ್ದೇನೆ ಎಂದರೆ ಸಿಟ್ಟು ನೆತ್ತಿಗೇರಿ ಎದ್ದು ಬರುತ್ತೀಯ ಎಂದು ಹಾಗೆ ಬರೆದೆ. ಬಾ. ಪಾಪುವನ್ನು ಅಳಿಯಂದಿರ ಕೈಗೆ ಕೊಟ್ಟು ಒಬ್ಬಳೇ ಬಾ. ಎದುರಿಗೆ ನಿಂತು ಬಾಯಿಗೆ ಬಂದಂತೆ ಬೈಯಿ. ಹೋಗುವುದಂತೂ ಹೋಗುತ್ತೇನೆ. ಆದರೆ ಎರಡು ಸಲ ಟಿಕೆಟ್ ಆಫೀಸಿನ ಬಾಗಿಲವರೆಗೆ ಹೋಗಿ, ನಿನ್ನ ಮುಖ ನೋಡದೆ ಒಳಗೆ ಕಾಲಿಡಲು ಆಗದೆ ತಿರುಗಿ ಬಂದಿದ್ದೇನೆ.